ಎರಡು ಸ್ವಿಚ್ಚು, ಒಂದು ದೀಪ, ನಮ್ಮತ್ತೆ

ನಮ್ಮತ್ತೆ ದೇವರನ್ನು ನಂಬುತ್ತಾಳೆ, ಗಂಡನನ್ನು ಅಷ್ಟಿಷ್ಟು ನಂಬುತ್ತಾಳೆ, ವೈರನ್ನು ಮಾತ್ರ ಟೆಸ್ಟರ್ ಹಚ್ಚಿ ನೋಡದೆ ನಂಬುವುದಿಲ್ಲ. ಆ ಟೆಸ್ಟರ್ ಇರುವುದೆಲ್ಲಿ ಅಂತೀರಿ? ತುರುಬಿನಲ್ಲಿ! ಹೊಸಪೇಟೆಯ ಬೇರೆ ಹೆಂಗಸರಂತೆ ನನ್ನ ಅಪ್ಪನ ಈ ತಂಗಿಯೂ ಮಲ್ಲಿಗೆ ಮುಡಿಯುತ್ತಾಳೆ. ಮಲ್ಲಿಗೆಯ ಪಕ್ಕದಲ್ಲೇ ಹಳದಿ ಹಿಡಿಯ ಟೆಸ್ಟರನ್ನೂ ಸಿಕ್ಕಿಸಿಕೊಳ್ಳುತ್ತಾಳೆ. ಮದುವೆಮನೆಗೂ ಹಾಗೇ ಬರುತ್ತಾಳೆ. ಅದೇನು ಹೊಸ ನಮೂನೆಯ ಒಡವೆ ಎಂದು ಬೀಗರ ಕಡೆಯವರು ವಿಚಾರಿಸಿದ್ದೂ ಉಂಟು.

ಮಾವ ತೋರಣಗಲ್ಲಿನ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುತ್ತಿದ್ದ ಕಾಲದಲ್ಲಿ ಮನೆಯ ಫ್ಯೂಸ್ ಹೋದರೆ ಯಾರನ್ನು ಕರೆಯುವುದು? ಕರೆದವರೆಲ್ಲ ನಾಳೆ ಬರುತ್ತೇವೆ ಎನ್ನುತ್ತಿದ್ದರು. ಆ ನಾಳೆಗೆ ಕಾದು ಬೇಸತ್ತ ಅತ್ತೆ ಒಂದು ದಿನ ತಾನೇ ಕೈ ಹಾಕಿದಳು, ಆಮೇಲೆ ಕೈ ತೆಗೆಯಲೇ ಇಲ್ಲ. ಈಗ ಅವರ ಬೀದಿಯಲ್ಲಿ ಯಾರ ಮನೆಯ ಫ್ಯಾನ್ ನಿಂತರೂ ಮೊದಲು ಬಡಿಯುವುದು ಅತ್ತೆಯ ಬಾಗಿಲನ್ನು. ನಮ್ಮ ಬಳಗದಲ್ಲಿ ಯಾರದೇ ಮದುವೆಯಾಗಲಿ, ಗೃಹಪ್ರವೇಶವಾಗಲಿ, ಆಕೆಯ ಉಡುಗೊರೆ ಕೈಯಾರೆ ಮಾಡಿದ ಎಕ್ಸ್‌ಟೆನ್ಷನ್ ಬಾಕ್ಸ್. ನನ್ನ ಮದುವೆಗೂ ಒಂದು ಬಂತು. ಅದಕ್ಕೆ ಸಿಕ್ಕಿಸಿದ ಮಿಕ್ಸರ್‌ಗಳು ಒಂದೊಂದಾಗಿ ಸತ್ತವು, ಅದು ಮಾತ್ರ ಗಟ್ಟಿಮುಟ್ಟಾಗಿದೆ.

ಕೆಲಸಕ್ಕಿಳಿಯುವ ಮೊದಲು ಮೇನ್ ಆಫ್ ಮಾಡಿ, ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ಆಕೆಯ ನೇಮ. ತಾನು ಏಣಿಯ ಮೇಲಿರುವಾಗ ಯಾರೂ ಅದನ್ನು ಹಾಕಬಾರದಲ್ಲ! ಒಮ್ಮೆ ಹೀಗೇ ಕೆಲಸ ಮುಗಿಸಿ, ಸೀರೆ ಸರಿಮಾಡಿಕೊಂಡು, ಸಂಡೂರಿನ ನೆಂಟರ ಮನೆಯ ತೊಟ್ಟಿಲ ಶಾಸ್ತ್ರಕ್ಕೆ ಹೊರಟುಹೋದಳು. ಬೇಸಿಗೆಯ ಹೊಸಪೇಟೆ, ಮನೆಯಲ್ಲಿ ಫ್ಯಾನ್ ತಿರುಗುತ್ತಿಲ್ಲ. ಮಾವ ಬೆವರು ಒರೆಸಿಕೊಳ್ಳುತ್ತ ಫೋನ್ ಮಾಡಿದರೆ ಅತ್ತೆ ಸಮಾಧಾನ ಹೇಳಿದಳಂತೆ: "ಫ್ಯೂಸ್ ಎಲ್ಲಿ ಕಳದಿಲ್ರಿ, ನನ್ನ ಸೊಂಟದಾಗ ಐತಿ. ಊಟ ಮಾಡಿ ಬರ್ತೀನಿ."

ಆಕೆಯ ಈ ವಿದ್ಯೆಯನ್ನು ಬಳಗದಲ್ಲಿ ಒಪ್ಪದವಳು ಒಬ್ಬಳೇ, ನನ್ನ ಅವ್ವ. ಅವ್ವ ಮದುವೆಯಾಗಿ ಎಮ್ಮಿಗನೂರಿಗೆ ಬಂದಾಗ ಅತ್ತೆ ಲಂಗ ತೊಟ್ಟ ಹುಡುಗಿ. ದಿನಾ ಅವಳ ತಲೆ ಬಾಚಿ ಜಡೆ ಹಾಕುತ್ತಿದ್ದವಳು ಅವ್ವನೇ. ತಾನು ಎಣ್ಣೆ ಹಚ್ಚಿ ಬೆಳೆಸಿದ ಕೂದಲಲ್ಲಿ ಟೆಸ್ಟರ್ ಕಂಡರೆ ಅವಳಿಗೆ ಹೇಗಾಗಬೇಡ? ಹೆಣ್ಣುಮಕ್ಕಳು ಕರೆಂಟಿಗೆ ಕೈ ಹಾಕಬಾರದೆಂದು ಕಂಡಾಗಲೆಲ್ಲ ಬೈಯುತ್ತಿದ್ದಳು. ಅತ್ತೆ ಕೊಟ್ಟ ಎಕ್ಸ್‌ಟೆನ್ಷನ್ ಬಾಕ್ಸಿನ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟುಬಿಟ್ಟಿದ್ದಳು.

ಇಂಥ ಅವ್ವನಿಗೆ ಕಣ್ಣಿನ ಪೊರೆ ಬಂತು. ಎಷ್ಟೋ ವರ್ಷ ಏನೂ ಆಗಿಲ್ಲವೆಂದು ಸಾಧಿಸಿ, ಕೊನೆಗೆ ಅನ್ನದ ತಟ್ಟೆ ಯಾವುದು ಮುಚ್ಚಳ ಯಾವುದು ತಿಳಿಯದಂತಾದ ಮೇಲೆ ಹೊಸಪೇಟೆಯಲ್ಲಿ ಆಪರೇಷನ್ ಮಾಡಿಸಿದೆವು. ಗಾಯ ಮಾಯುವವರೆಗೆ ಒಲೆಯ ಹೊಗೆ, ಭತ್ತದ ದೂಳು ಎರಡೂ ಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು. ಅತ್ತೆ ನಾವು ಕೇಳುವ ಮೊದಲೇ ತನ್ನ ಮನೆಯ ಒಂದು ಕೋಣೆಯಲ್ಲಿ ಮಂಚ ಹಾಕಿಸಿದಳು. ನಾನೂ ಜೊತೆಗಿರಲು ಬಂದೆ.

ತೊಡಕಾದದ್ದು ಆ ಕೋಣೆಯ ದೀಪದಿಂದ. ಬಾಗಿಲ ಹತ್ತಿರ ಒಂದು ಸ್ವಿಚ್ಚು, ಮಂಚದ ಹತ್ತಿರ ಇನ್ನೊಂದು. ಯಾವುದರಿಂದ ಬೇಕಾದರೂ ಹಾಕಬಹುದು, ಆರಿಸಬಹುದು. ಹಾಕಿದರೆ ಅವ್ವನ ಕಣ್ಣಿಗೆ ಸೂಜಿ ಚುಚ್ಚಿದಂತೆ, ಆರಿಸಿದರೆ ಎಡವಿ ಬೀಳುವ ಹೆದರಿಕೆ. ಎರಡನೆಯ ಸಂಜೆಯೇ, ನನ್ನನ್ನು ಊರ ಕಡೆಯ ಕಂಪ್ಲಿ ಬಸ್ಸಿಗೆ ಹತ್ತಿಸಿಬಿಡಿ ಎಂದು ಗಂಟು ಕಟ್ಟಲು ಕೂತಳು. ಊರಿಗೆ ಹೋದರೆ ಒಲೆಯ ಮುಂದೆ ಕೂರದೆ ಬಿಡುವವಳಲ್ಲ ಅವಳು. ಆ ಕಣ್ಣಿನ ಗತಿ ಏನು?

ಅತ್ತೆಗೆ ಇದು ಮರ್ಯಾದೆಯ ಪ್ರಶ್ನೆಯಾಯಿತು. ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ತರಲು ಬಜಾರಿಗೆ ನಡೆದಳು, ಹಿಂದೆ ನಾನು. ಅಂಗಡಿಯವನು ಫ್ಯಾನಿನ ರೆಗ್ಯುಲೇಟರನ್ನೇ ಹಾಕಿ, ನಡೆಯುತ್ತದೆ ಎಂದ. ಅತ್ತೆ ಅವನಿಗೆ ಫ್ಯಾನಿಗೂ ಬಲ್ಬಿಗೂ ಇರುವ ವ್ಯತ್ಯಾಸದ ಮೇಲೆ ಪಾಠ ಮಾಡಿ, ಡಿಮ್ಮರಿಗೆ ಹೊಂದುವ ಬಲ್ಬನ್ನೇ ಹುಡುಕಿಸಿ ತೆಗೆಸಿದಳು. ಪಾಪ, ಅವನು ಕೊನೆಗೆ ಕೂಡಿಸುವ ಮೇಸ್ತ್ರಿ ಯಾರು ಎಂದು ಕೇಳಿದ. ಅತ್ತೆ ತುರುಬು ತಿರುಗಿಸಿ ತೋರಿಸಿದಳು.

ಅಂದು ಸಂಜೆ ಮಂಚದ ಪಕ್ಕದ ಬೋರ್ಡಿನಲ್ಲಿ ಡಿಮ್ಮರ್ ಕೂತಿತು. ಗುಂಡಿ ತಿರುಗಿಸಿದರೆ ಬೆಳಕು ತಣ್ಣಗೆ, ಹಣತೆಯಷ್ಟು. ಅವ್ವ ಹಾಲು ಕುಡಿದು, ಮಂಚದ ಸ್ವಿಚ್ಚು ಒತ್ತಿ ದೀಪ ಆರಿಸಿ ಮಲಗಿದಳು. ಅತ್ತೆ ಗೆದ್ದಳೆಂದುಕೊಂಡೆ. ಅಷ್ಟರಲ್ಲಿ ಮಾವ ಕಣ್ಣಿನ ಔಷಧಿ ಹಿಡಿದು ಬಂದು ಬಾಗಿಲ ಸ್ವಿಚ್ಚು ಒತ್ತಿದರು. ಕೋಣೆಯೆಲ್ಲ ಝಗ್ಗೆಂದು ಹೊಳೆಯಿತು! ಡಿಮ್ಮರಿನ ಗುಂಡಿಯನ್ನು ಎಷ್ಟು ತಿರುಗಿಸಿದರೂ ಬೆಳಕು ಜಗ್ಗಲಿಲ್ಲ. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು.

"ಕಣ್ಣು ಕೊಟ್ಟಾಂವ ಡಾಕ್ಟರ. ಕಳಿಯಾಕ ಹತ್ತಿದಾಕಿ ನೀನು."

ತನ್ನ ಕೆಲಸದಲ್ಲಿ ತಪ್ಪು ಎಂಬುದನ್ನು ಅತ್ತೆ ಈವರೆಗೆ ಒಪ್ಪಿದವಳಲ್ಲ. ಹಾಗಾಗಿ ತಪ್ಪು ಮಾವನ ಬೆರಳಿನದಾಯಿತು. ಕಾರ್ಖಾನೆಯಲ್ಲಿ ದಪ್ಪ ದಪ್ಪ ಗುಂಡಿ ಒತ್ತಿದ ಕೈ, ಅದಕ್ಕೆ ನಾಜೂಕು ಎಲ್ಲಿಂದ ಬರಬೇಕು? ಇನ್ನು ಮುಂದೆ ನೀವು ಮುಟ್ಟಬೇಡಿ ಎಂದು ತೀರ್ಪಾಯಿತು. ಮಾವ ತಮ್ಮ ಬೆರಳನ್ನು ತಾವೇ ತಿರುಗಿಸಿ ಮುರುಗಿಸಿ ನೋಡಿಕೊಂಡರು. ಆದರೆ ಮರುದಿನ ನಾಜೂಕು ಬೆರಳಿನ ನಾನು ಒತ್ತಿದಾಗಲೂ ಹಾಗೇ ಆಯಿತು. ಅವ್ವ ಗಂಟು ಎತ್ತಿ ಮಂಚದ ಮೇಲಿಟ್ಟುಕೊಂಡಳು.

ಅತ್ತೆ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿ ಬೋರ್ಡ್ ಬಿಚ್ಚಿದಳು. ಮಾವ ಟಾರ್ಚ್ ಹಿಡಿದರು. ಎರಡು ಸ್ವಿಚ್ಚಿನ ನಡುವೆ ಎರಡು ವೈರ್ ಇವೆ, ಕರೆಂಟು ಒಮ್ಮೆ ಇದರಲ್ಲಿ ಹರಿಯುತ್ತದೆ, ಒಮ್ಮೆ ಅದರಲ್ಲಿ, ಡಿಮ್ಮರನ್ನು ಇಗೋ ಇದಕ್ಕೆ ಸರಿಯಾಗಿಯೇ ಕೂಡಿಸಿದ್ದೇನೆ ಎಂದು ಅತ್ತೆ ಗಂಡನ ಜೊತೆ ವಾದಿಸುತ್ತಿದ್ದಳು. ಕಣ್ಣು ಮುಚ್ಚಿ ಕೂತಿದ್ದ ಅವ್ವ ನಡುವೆ ಬಾಯಿ ಹಾಕಿದಳು.

"ಹರಿಯೂ ಕಾಲುವಿ ಎರಡು ಅಂದಿ. ತೂಬು ಎಷ್ಟಕ್ಕ ಹಾಕೀದಿ?"

"ಒಂದಕ್ಕ, ಅತ್ತಿಗಿ."

"ಮತ್ತ ಇನ್ನೊಂದ್ರಾಗಿನ ನೀರು ನಿನ್ನ ಮಾತು ಕೇಳತೈತೇನು? ಎರಡೂ ಕೂಡಿ ಗದ್ದಿಗೆ ಬೀಳೂವಲ್ಲಿ ಹಾಕು."

ಟಾರ್ಚ್ ಹಿಡಿದ ಮಾವ ಕೆಮ್ಮಿದರು. ಅತ್ತೆ ಬೋರ್ಡನ್ನು ನೋಡಿದಳು, ಅತ್ತಿಗೆಯನ್ನು ನೋಡಿದಳು. ಜೀವನವೆಲ್ಲ ಭತ್ತದ ಗದ್ದೆಗೆ ನೀರು ಕಟ್ಟಿದ ಹೆಂಗಸಿನ ಮಾತಿನಲ್ಲಿ ತೆಗೆದುಹಾಕುವಂಥದ್ದೇನಿತ್ತು? ಎರಡನೆಯ ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ಒಂಟಿ ವೈರಿಗೆ ಡಿಮ್ಮರನ್ನು ಬದಲಿಸಿ ಕೂಡಿಸಿದಳು. ಮಾವನ ಒರಟು ಬೆರಳಿನಿಂದಲೇ ಮೊದಲು ಒತ್ತಿಸಿದಳು. ಬಾಗಿಲಿಂದ ಹಾಕಿದರೂ ಹಣತೆ, ಮಂಚದಿಂದ ಹಾಕಿದರೂ ಹಣತೆ! ಅವ್ವ ಗಂಟನ್ನು ಮೆಲ್ಲಗೆ ಮಂಚದ ಕೆಳಗೆ ತಳ್ಳಿದಳು.

ಮರುದಿನ ಅತ್ತೆ ಬೀದಿಯಲ್ಲಿ ಏನು ಹೇಳಿಕೊಂಡು ತಿರುಗಿದಳು ಗೊತ್ತೇ? ತಾನು ತಪ್ಪಿದೆ ಎಂದಲ್ಲ, ಎಲ್ಲಾದರೂ ಉಂಟೇ! ನಮ್ಮ ಅತ್ತಿಗೆಗೆ ಕಣ್ಣು ಮುಚ್ಚಿದ್ದರೂ ವೈರಿಂಗ್ ಕಾಣುತ್ತದೆ ಎಂದು. ಕೇಳಿ ನನಗೆ ಇಬ್ಬರ ಮೇಲೂ ಎಲ್ಲಿಲ್ಲದ ಹೆಮ್ಮೆ. ಇಂಥ ಇಬ್ಬರು ಒಂದೇ ಮನೆತನದಲ್ಲಿ ಇರುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ!

ಡಾಕ್ಟರು ಗಾಯ ಮಾಯಿತೆಂದು ಹೇಳಿದ ಸಂಜೆ ಅವ್ವ ಮಂಚದ ಮೇಲೆ ಕೂತು, ಡಿಮ್ಮರಿನ ಗುಂಡಿಯನ್ನು ತಾನೇ ತಿರುಗಿಸತೊಡಗಿದಳು. ಬೆಳಕು ಏರುತ್ತ ಏರುತ್ತ ಪೂರ್ತಿಯಾಯಿತು. ಎದುರಿಗೆ ಕೂತ ಅತ್ತೆಯ ಮುಖವನ್ನೇ ನೋಡಿದಳು. ಪೊರೆ ಬಂದ ಮೇಲೆ ಆ ಮುಖವನ್ನು ಅವಳು ಸರಿಯಾಗಿ ಕಂಡೇ ಇರಲಿಲ್ಲ.

"ನಿನ್ನ ಕೂದಲ ಯಾವಾಗ ಬೆಳ್ಳಗಾದ್ವಲೇ?"

ಅತ್ತೆಗೆ ನಾಚಿಕೆಯೋ ಏನೋ, ಬೆಳಕು ತಗ್ಗಿಸಲು ಗುಂಡಿಯತ್ತ ಕೈ ಚಾಚಿದಳು. ಅವ್ವ ಆ ಕೈ ಹಿಡಿದುಕೊಂಡಳು.

"ಇರ್ಲಿ ಬಿಡು. ಕಣ್ತುಂಬ ನೋಡ್ತೀನಿ."

ಆಮೇಲೆ ಅವಳನ್ನು ತನ್ನ ಮುಂದೆ ನೆಲಕ್ಕೆ ಕೂರಿಸಿ, ಟೆಸ್ಟರ್ ಕಿತ್ತು ಪಕ್ಕಕ್ಕಿಟ್ಟು, ತುರುಬು ಬಿಚ್ಚಿ ಬಾಚಿದಳು. ಅತ್ತೆ ಲಂಗದ ಹುಡುಗಿಯಂತೆ ತಲೆ ಕೊಟ್ಟು ಕೂತಳು, ಆಕೆಯ ಕಣ್ಣು ತುಂಬಿದ್ದು ನನಗೆ ಕಾಣುತ್ತಿತ್ತು. ಅವ್ವ ಬಿಗಿಯಾಗಿ ತುರುಬು ಕಟ್ಟಿದಳು. ಮಲ್ಲಿಗೆ ಮುಡಿಸಿದಳು. ಕೊನೆಗೆ ಆ ಹಳದಿ ಟೆಸ್ಟರನ್ನು ಕೈಗೆತ್ತಿಕೊಂಡು, ಸೆರಗಿನಿಂದ ಒರೆಸಿ, ಮಲ್ಲಿಗೆಯ ಪಕ್ಕದಲ್ಲಿ ತಾನೇ ಸಿಕ್ಕಿಸಿದಳು.