ಕೆಂಪು ಬಂಡೆ ಹಿಡಿಯಲು ಹೋದವರು

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಾನು ಹೊರಟೆನೆಂದರೆ ಏನಾದರೊಂದು ಎಡವಟ್ಟು ನನಗಿಂತ ಮೊದಲೇ ಬಸ್ಸು ಹತ್ತಿ ಸೀಟು ಹಿಡಿದು ಕೂತಿರುತ್ತದೆ. ಪಿರಿಯಾಪಟ್ಟಣದಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ. ರೀಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲದ ಮಾತು. ಮದುವೆ, ನಾಮಕರಣಗಳ ನಡುವೆ ನನಗೆ ಹಿಡಿದ ಹುಚ್ಚು ಬಂಡೆಗಳದ್ದು. ಬಂಡೆಯಾದರೆ ‘ಕಣ್ಣು ಮುಚ್ಚಿಬಿಟ್ಟೆ, ಇನ್ನೊಂದು ತೆಗೀರಿ’ ಅನ್ನುವುದಿಲ್ಲ. ಬೆಟ್ಟದಪುರದ ಬೆಟ್ಟ ಸಾಕಾದ ಮೇಲೆ ಬಾದಾಮಿಯ ಕೆಂಪು ಮರಳುಗಲ್ಲಿನ ಗುಡ್ಡಗಳ ಮೇಲೆ ಕಣ್ಣು ಬಿತ್ತು. ಧನುರ್ಮಾಸ ಬಂತೆಂದರೆ ಮದುವೆಗಳಿಲ್ಲ. ಪಕ್ಕದ ಬೇಕರಿಯ ಗೆಳೆಯನನ್ನು ಎಳೆದುಕೊಂಡು ಅಲ್ಲಿಗೆ ಹೊರಟುಬಿಡುತ್ತಿದ್ದೆ.

ಬಂಡಿ

ಮೊದಲ ಸಲವೇ ಊರಾಚೆ ದಾರಿ ತಪ್ಪಿದೆವು. ಸುತ್ತ ನೆರಳಿಗೊಂದು ಮರವಿಲ್ಲ. ಕೆಂಪು ಕಲ್ಲು, ಮುಳ್ಳುಗಿಡ, ನೆತ್ತಿ ಸುಡುವ ಬಿಸಿಲು. ರೊಟ್ಟಿ, ಮೊಸರಿನ ಬುಟ್ಟಿ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರನ್ನು ಕೇಳಿದೆವು.

“ಮುಂದ ಒಂದು ದೊಡ್ಡ ಬಂಡಿ ಐತಿ ನೋಡ್ರಿ, ಅಲ್ಲಿ ಎಡಕ್ಕ ಹೊಳ್ಳರಿ” ಅಂದರು.

ನಡೆದೇ ನಡೆದೆವು. ಎತ್ತೂ ಇಲ್ಲ, ಚಕ್ರವೂ ಇಲ್ಲ. “ಗಾಡಿಯವ್ನು ಊಟಕ್ಕೆ ಒಡ್ಕೊಂಡು ಓಗಿರ್ಬೇಕು ಕಣ್ಲಾ” ಅಂದ ಗೆಳೆಯ. ಸುಸ್ತಾಗಿ ಒಂದು ಹೆಬ್ಬಂಡೆಯ ಮೇಲೆ ಕೂತು ನೀರು ಕುಡಿಯುತ್ತಿದ್ದಾಗ ಅದೇ ಅಜ್ಜಿ ಮೊಸರು ಮಾರಿಕೊಂಡು ವಾಪಸು ಬಂದರು.

“ಬಂಡಿ ಒಂಟೋಗದೆ ಕಣಜ್ಜಿ!” ಅಂದ ಇವನು.

“ಅಷ್ಟು ದೊಡ್ಡ ಬಂಡಿ ಎಲ್ಲಿ ಹೋಗ್ತೈತೋ ಯಪ್ಪಾ! ಅದರ ಮ್ಯಾಲ ಕುಂತು ನೀರು ಕುಡಿಯಾಕತ್ತೀರಲ್ಲ!”

ನಮ್ಮ ಬಂಡೆ ಅವರ ಬಾಯಲ್ಲಿ ಬಂಡಿಯಾಗುತ್ತದೆ ಎಂದು ತಿಳಿಯಲು ನಾವು ಅದರ ಮೇಲೇ ಕೂರಬೇಕಾಯಿತು.

ಹದ

ನನ್ನ ಗೆಳೆಯನಿಗೆ ಬಂಡೆ ಬಂಡೆಯಾಗಿ ಕಾಣುವುದೇ ಇಲ್ಲ. ಗಾಳಿ ಮಳೆ ಕೊರೆದ ಪದರ ಪದರದ ಕಲ್ಲು ಅವನಿಗೆ ಪಫ್ಸು. ಗುಂಡಗೆ ಉಬ್ಬಿದ್ದು ಬನ್ನು. ತೂತು ತೂತಾದದ್ದು ರಸ್ಕು. ಒಂದು ಸಂಜೆ ಇಳಿಬಿಸಿಲಿಗಾಗಿ ಟ್ರೈಪಾಡ್ ಹಿಂದೆ ಕಾದು ನಿಂತಿದ್ದೆ. ಎದುರಿನ ಬಂಡೆ ಹಳದಿಯಾಯಿತು, ಹೊಂಬಣ್ಣಕ್ಕೆ ತಿರುಗಿತು. ಇನ್ನೂ ಕೆಂಪೇರಲಿ ಎಂದು ಸುಮ್ಮನಿದ್ದೆ. ಅವನಿಗೆ ತಡೆಯಲಾಗಲಿಲ್ಲ.

“ತೆಗಿಯೋ, ತೆಗಿಯೋ! ಬಣ್ಣ ಬಂದದೆ! ಇನ್ನೊಂದ್ ಗಳಿಗೆ ಬುಟ್ರೆ ಸೀದೋಯ್ತದೆ!”

ಬೆಚ್ಚಿಬಿದ್ದು ಬಟನ್ ಒತ್ತಿದೆ. ಮರುಕ್ಷಣವೇ ಸೂರ್ಯನಿಗೆ ಮೋಡ ಅಡ್ಡ ಬಂತು. ಆ ಸಲದ ರೀಲಿನಲ್ಲಿ ಚೆನ್ನಾಗಿ ಬಂದದ್ದು ಅದೊಂದೇ ಫೋಟೋ. ದೊಡ್ಡದು ಮಾಡಿಸಿ ಅವನ ಬೇಕರಿಯ ಗೋಡೆಗೆ ಹಾಕಿದೆವು. ವಾರದೊಳಗೆ ಗಿರಾಕಿಯೊಬ್ಬರು ಅದನ್ನೇ ದಿಟ್ಟಿಸಿ ನೋಡಿ ಕೇಳಿದರಂತೆ: “ಆ ಕೇಕು ಮೊಟ್ಟೆ ಆಕಿರೋದಾ, ಆಕ್ದೆ ಇರೋದಾ?”

ಓಟ

ಬಂಡೆಯ ಮುಂದೆ ನಾವಿಬ್ಬರೂ ನಿಂತ ಫೋಟೋ ಒಂದಿರಲಿ ಎಂದು ಆಸೆ. ತೆಗೆಯಲು ಮೂರನೆಯವರಿಲ್ಲ. ಕ್ಯಾಮೆರಾದ ಟೈಮರ್ ತಿರುಗಿಸಿ, ಅದು ‘ಟಕ್’ ಅನ್ನುವುದರೊಳಗೆ ಓಡಿಹೋಗಿ ನಗುತ್ತ ನಿಲ್ಲಬೇಕು. ಟೈಮರ್ ತಿರುಗುವುದನ್ನು ನೋಡಲೆಂದು ಗೆಳೆಯನೂ ಕ್ಯಾಮೆರಾ ಬಳಿಯೇ ನಿಲ್ಲುತ್ತಿದ್ದ. ಇಬ್ಬರೂ ಸಡಿಲು ಮರಳಿನಲ್ಲಿ ಓಡಿದೆವು, ಮತ್ತೆ ಮತ್ತೆ ಓಡಿದೆವು. ಊರಿಗೆ ಬಂದು ರೀಲು ತೊಳೆದರೆ ಎಲ್ಲದರಲ್ಲೂ ನಮ್ಮ ಬೆನ್ನುಗಳೇ. ಒಂದರಲ್ಲಿ ಗೆಳೆಯನ ಚಪ್ಪಲಿ ಗಾಳಿಯಲ್ಲಿ ತೇಲುತ್ತಿತ್ತು.

ನನ್ನ ಸೋದರಮಾವ ಎಚ್.ಡಿ. ಕೋಟೆಯ ಕಾಡಂಚಿನವರು. ಫೋಟೋ ನೋಡಿ ಗಾಬರಿಯಾದರು.

“ಆನೆ ಅಟ್ಟಿಸ್ಕೊಂಡ್ ಬಂತೇನ್ಲಾ?”

“ಅಲ್ಲಿ ಆನೆ ಇಲ್ಲ ಮಾವ.”

“ಮತ್ಯಾಕ್ ಇಂಗ್ ಓಡ್ತಿದ್ದೀರಿ?”

“ಫೋಟೋ ತೆಗೆಸ್ಕೊಳ್ಳಕ್ಕೆ.”

ಮಾವ ನಂಬಲಿಲ್ಲ. ಫೋಟೋವನ್ನು ಇನ್ನೊಮ್ಮೆ ನೋಡಿ ತಲೆದೂಗಿದರು. “ನೀವೇನೋ ಓಡುದ್ರಿ ಬುಡು. ಈ ಫೋಟೋ ತೆಗ್ದೋನು ಮಾತ್ರ ಗಟ್ಟಿಗ ಕಣಪ್ಪ, ಆನೆಗೂ ಎದರ್ದೆ ನಿಂತವ್ನೆ!”

ಪರದೆ

ಸ್ಟುಡಿಯೋದಲ್ಲಿ ಹಿನ್ನೆಲೆಗೆ ಕಟ್ಟಿದ್ದ ಕಾಶ್ಮೀರದ ಸರೋವರದ ಪರದೆ ಹರಿದುಹೋಗಿತ್ತು. ಬಾದಾಮಿಯ ಗುಡ್ಡದ ಫೋಟೋ ತೋರಿಸಿ ಪೇಂಟರ್ ಒಬ್ಬರಿಂದ ಹೊಸ ಪರದೆ ಬರೆಸಿದೆ: ನೆಲದಿಂದ ಸೂರಿನವರೆಗೆ ಬರೀ ಕೆಂಪು ಬಂಡೆ. ಅದರ ಮುಂದೆ ಮೊದಲು ನಿಂತವನು ಬೆಟ್ಟದಪುರದ ಕಡೆಯ ಹೊಗೆಸೊಪ್ಪು ಬೆಳೆಯುವ ಹುಡುಗ. ಹೆಣ್ಣು ಹುಡುಕುತ್ತಿದ್ದರು. ಫೋಟೋ ಹುಣಸೂರಿನ ಒಂದು ಮನೆಗೆ ಹೋಯಿತು. ಮೂರು ದಿನಕ್ಕೆ ಅವನ ತಾಯಿ ಅಳುತ್ತ ನನ್ನ ಅಂಗಡಿಗೆ ಬಂದರು.

“ಉಡ್ಗ ಚೆಂದಾಗವ್ನೆ, ಆದ್ರೆ ಜಮೀನೆಲ್ಲ ಬರೀ ಬಂಡೆ, ನಮ್ ಮಗ್ಳು ಅಲ್ಲಿ ಏನ್ ಬಿತ್ತಾಳು ಅಂದ್ಬುಟ್ರಂತೆ ಕಣಪ್ಪ! ನಿನ್ ಬಂಡೆ ನನ್ ಮಗನ ಬಾಳ್ ಮೇಲೆ ಬಿತ್ತಲ್ಲೋ!”

ಬೇರೆ ಪರದೆ ತಂದು ಇನ್ನೊಂದು ಫೋಟೋ ತೆಗೆದುಕೊಡುತ್ತೇನೆ ಅಂದೆ. ಅಷ್ಟರಲ್ಲಿ ಮದುವೆ ದಲ್ಲಾಳಿ ಅದೇ ಫೋಟೋವನ್ನು ಕೆ.ಆರ್. ನಗರಕ್ಕೂ ಮುಟ್ಟಿಸಿದ್ದ. ಅಲ್ಲಿಯವರು ತಕ್ಷಣ ಒಪ್ಪಿ ಹುಡುಗಿಯ ಫೋಟೋ ಕಳಿಸಿದರು. ಹುಡುಗ ಹುಡುಗಿ ದೇವಸ್ಥಾನದಲ್ಲಿ ಒಬ್ಬರನ್ನೊಬ್ಬರು ನೋಡಿ ಮೆಚ್ಚಿದ್ದೂ ಆಯಿತು. ಆಮೇಲೆ ಹುಡುಗಿಯ ತಂದೆ ಕೇಳಿದರಂತೆ: “ಎಲ್ಲಾ ಸರಿ, ಕಲ್ಲು ಕ್ವಾರಿ ಯಾವಾಗ ತೋರಿಸ್ತೀರಿ?”

ತಾಯಿ, ಮಗ ಇಬ್ಬರೂ ಸುಳ್ಳು ಹೇಳಲಾರದೆ ಅವರನ್ನು ನೇರವಾಗಿ ನನ್ನ ಸ್ಟುಡಿಯೋಗೇ ಕರೆತಂದರು. ನಾನು ದೀಪ ಹಾಕಿ ತೋರಿಸಿದೆ. “ಕ್ವಾರಿ ಇದೇ ಸಾರ್.”

ಅವರು ಹತ್ತಿರ ಹೋಗಿ ಬಂಡೆ ಮುಟ್ಟಿದರು. ಅದು ಅಲ್ಲಾಡಿತು. ಪರದೆಯ ಅಂಚು ಎತ್ತಿ ಹಿಂದೆ ಇಣುಕಿದರು. ಅಲ್ಲಿ ನನ್ನ ಊಟದ ಕ್ಯಾರಿಯರ್ ಇತ್ತು. ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು, ಹುಡುಗ ನೆಲ ನೋಡುತ್ತಿದ್ದ.

ಹುಡುಗಿಯ ತಂದೆ ಇದ್ದಕ್ಕಿದ್ದಂತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

“ಒಳ್ಳೇದೇ ಆಯ್ತು ಬುಡಿ ತಾಯಿ. ನನ್ ಮಗ್ಳು ಫೋಟೋದಲ್ಲಿ ಒಂದ್ ಬಂಗ್ಲೆ ಮುಂದೆ ನಿಂತವ್ಳಲ್ಲ, ಅದ್ನ ನಿಮ್ಗೆ ಎಂಗಪ್ಪ ತೋರ್ಸೋದು ಅಂತ ನಂಗೂ ಒಂದ್ ವಾರದಿಂದ ನಿದ್ದೆ ಇಲ್ಲ!”