ಎರಡು ಕೆಮ್ಮಿನ ಖಾರ

"ವೈನಿ, ಒಮ್ಮೆ ಜೋರಾಗಿ ಉಸಿರು ಎಳಕೋರಿ. ಇವತ್ತಿಗೆ ನಿಮ್ಮ ಕೆಮ್ಮಿನ ಕತಿ ಮುಗೀತು!" ಎನ್ನುತ್ತ ಅಡಿವೆಪ್ಪ, ಸೈಕಲ್ ಪಂಪಿಗೆ ಲಾಳಿಕೆ ಸಿಕ್ಕಿಸಿದಂತಿದ್ದ ತನ್ನ ಹೊಸ ಯಂತ್ರವನ್ನು ನಿಂಬೆವ್ವನ ಮೂಗಿಗೆ ಹಿಡಿದ.

ನಿಂಬೆವ್ವ ಮೂವತ್ತು ವರ್ಷದಿಂದ ಖಾರದ ಗಿರಣಿ ನಡೆಸುವವಳು. ಮೈದುನ ಅಡಿವೆಪ್ಪ ನಿವೃತ್ತ ವಿಜ್ಞಾನ ಮಾಸ್ತರ. ಅವನ ಹಿಂದಿನ ಯಂತ್ರ ರೊಟ್ಟಿ ಬಡಿಯಲು ಹೋಗಿ ಗೋಡೆಗೆಲ್ಲ ಹಿಟ್ಟು ಮೆತ್ತಿತ್ತು. ಆದರೂ ಕೆಮ್ಮಿ ಕೆಮ್ಮಿ ಪಕ್ಕೆ ನೊಂದಿದ್ದ ನಿಂಬೆವ್ವನಿಗೆ ಆಸೆಯಾಯಿತು.

"ಇದರಾಗ ಏನೈತಿ?"

"ನ್ಯಾನೋ ಕಣ. ಒಂದು ಕೂದಲಿನ ದಪ್ಪದಾಗ ಸಾವಿರ ಕಣ ಸಾಲಾಗಿ ನಿಲ್ತಾವ. ಶ್ವಾಸಕೋಶದ ಒಂದೊಂದು ಜೀವಕೋಶಕ್ಕೂ ರೇನ್‌ಕೋಟ್ ತೊಡಿಸಿದಂಗ. ಖಾರ ತಾಗೂದಿಲ್ಲ."

"ಒಳಗ ಹೋದವು ಹೊರಗ ಬರ್ತಾವೇನು?"

"ಅದರ ಸಂಶೋಧನಾ ನಡದೈತಿ," ಎಂದವನೇ ಪಂಪು ಒತ್ತಿದ.

ಅದೇನು ಸುಖ! ಎದೆ ಹಗುರಾಯಿತು. ಮೆಣಸಿನಕಾಯಿ ಚೀಲವನ್ನು ಮುಖದ ಮುಂದೆಯೇ ಕೊಡವಿದರೂ ಒಂದು ಸೀನಿಲ್ಲ. ನಿಂಬೆವ್ವ ಹುರುಪಿನಿಂದ ಸೆರಗು ಸಿಕ್ಕಿಸಿ, ಫಕೀರಪ್ಪನ ಮಗಳ ಮದುವೆಯ ಖಾರಕ್ಕೆ ಕೈ ಹಾಕಿದಳು. ಮರುದಿನವೇ ಮದುವೆ. "ಎರಡು ಕೆಮ್ಮಿನ ಖಾರ ಸಾಕವ್ವಾ, ಬೀಗರು ಸಪ್ಪಗ ಉಣ್ಣೋ ಮಂದಿ," ಎಂದು ಅವನು ಹೇಳಿಹೋಗಿದ್ದ.

ಆ ಓಣಿಯ ಅಳತೆಯೇ ಹಾಗೆ. ಬಾಣಂತಿಗೆ ಒಂದು ಕೆಮ್ಮಿನ ಖಾರ, ಮದುವೆಗೆ ಎರಡು, ಗರಡಿಮನೆಯ ಪೈಲ್ವಾನರಿಗೆ ಐದು. ಬಣ್ಣಕ್ಕೆ ಬ್ಯಾಡಗಿ ಕಾಯಿ ಹಾಕಿ, ಮೇಲೆ ಹಿಡಿಹಿಡಿಯಾಗಿ ಗುಂಟೂರು ಕಾಯಿ ಸುರಿಯುತ್ತ, ಬೇಕಾದಷ್ಟು ಕೆಮ್ಮು ಬಂದ ಕೂಡಲೇ ನಿಂಬೆವ್ವ ನಿಲ್ಲಿಸುತ್ತಿದ್ದಳು. ಖಾರ ನೆಕ್ಕಿ ನೆಕ್ಕಿ ನಾಲಿಗೆ ಯಾವತ್ತೋ ಕೈಕೊಟ್ಟಿತ್ತು. ಗಿರಣಿಯ ಹೆಸರೆಲ್ಲ ನಿಂತಿದ್ದು ಆ ಕೆಮ್ಮಿನ ಮೇಲೆ.

ಒಂದು ಹಿಡಿ ಹಾಕಿದಳು. ಕೆಮ್ಮಿಲ್ಲ. ಐದು ಹಿಡಿ. ಊಹೂಂ. "ಈ ಸಲದ ಕಾಯಿ ಸತ್ತಾವ," ಎಂದು ಬೈಯುತ್ತ ಇಡೀ ಬುಟ್ಟಿ ಸುರಿದಳು.

ಎದುರಿನ ಕಟಿಂಗ್ ಅಂಗಡಿಯಿಂದ ಅರ್ಧ ಮೀಸೆಯ ಗಿರಾಕಿಯೊಬ್ಬ ಹೊರಗೋಡಿದ. ಡ್ರೈವರನಿಂದ ಹಿಡಿದು ಎಲ್ಲರೂ ಕೆಮ್ಮುತ್ತಿದ್ದ ಬಸ್ಸೊಂದು ನಿಲ್ಲದೆಯೇ ಹೋಯಿತು. ಫಕೀರಪ್ಪ ಕಣ್ಣೀರು ಸುರಿಸುತ್ತ ಬಂದ. "ಯವ್ವಾ, ಇದನ್ನ ಉಣಿಸಿದ್ರ ಬೀಗರು ಮದಿವಿ ಬಿಟ್ಟು ಓಡ್ತಾರ. ಮಗಳ ಗತಿ ಏನು?"

ಸತ್ತಿದ್ದು ಕಾಯಿಯಲ್ಲ, ತನ್ನ ಕೆಮ್ಮು ಎಂದು ನಿಂಬೆವ್ವನಿಗೆ ಆಗ ಹೊಳೆಯಿತು.

"ಗಾಬರಿ ಆಗಬ್ಯಾಡ್ರಿ," ಎಂದು ಅಡಿವೆಪ್ಪ ಪಂಪು ಹಿಡಿದು ಓಡಿದ. ಫಕೀರಪ್ಪನಿಗೆ, ಕ್ಷೌರಿಕನಿಗೆ, ಅರ್ಧ ಮೀಸೆಗೆ, ಮನೆಮನೆಗೆ ಹೊಡೆದ. ಓಣಿ ತಣ್ಣಗಾಯಿತು.

"ಭಾಳ ಚಲೋ ಆತು," ನಿಂಬೆವ್ವ ಸಿಡುಕಿದಳು. "ಬ್ಯಾಡಗಿ ಕಾಯಿ ಬೆರಸಿ ಖಾರ ಇಳಸಬೇಕು. ಎರಡಕ್ಕ ಬಂತಂತ ಹೆಂಗ ತಿಳಿಯೂದು? ಈಗ ಕೆಮ್ಮೋರು ಯಾರು?"

ಹಿಂದಿನಿಂದ ಖೊಕ್, ಖೊಕ್ ಎಂದು ಸದ್ದು ಬಂತು. ಏಳು ಸಲ. ಊರಿಗೆಲ್ಲ ಹೊಡೆಯುವ ಗಡಿಬಿಡಿಯಲ್ಲಿ ಅಡಿವೆಪ್ಪ ತನಗೊಂದು ಹನಿಯೂ ಉಳಿಸಿಕೊಂಡಿರಲಿಲ್ಲ.

ನಿಂಬೆವ್ವ ಅವನ ರಟ್ಟೆ ಹಿಡಿದು ಗಿರಣಿಯ ಬಾಯಿಯ ಮುಂದೆ ಕೂರಿಸಿದಳು. ಬ್ಯಾಡಗಿ ಕಾಯಿ ಬೆರೆಸಿದಂತೆ ಏಳು ಐದಾಯಿತು, ಐದು ಮೂರಾಯಿತು, ಸಂಜೆಗೆ ಎರಡಕ್ಕೆ ಬಂತು. ಮದುವೆಯಲ್ಲಿ ಬೀಗರು ಎರಡೆರಡು ಸಲ ಸಾರು ಹಾಕಿಸಿಕೊಂಡರಂತೆ.

ಕಣಗಳು ಇನ್ನೂ ಯಾರೊಳಗಿಂದಲೂ ಹೊರಬಂದಿಲ್ಲ. ಅಡಿವೆಪ್ಪ ದಿನಾ ಗಿರಣಿಯಲ್ಲಿ ಕೂತು ಕೆಮ್ಮುತ್ತಾನೆ.

"ಇಷ್ಟು ವರ್ಷದಾಗ ಇವನ ಮನ್ಯಾಗಿಂದ ಬಂದ ಯಂತ್ರದಾಗ ಇದೊಂದ ನೋಡ್ರಿ ಸರಿಯಾಗಿ ನಡ್ಯಾಕತ್ತಿದ್ದು," ಎಂದು ನಿಂಬೆವ್ವ ಗಿರಾಕಿಗಳಿಗೆ ಮೈದುನನನ್ನೇ ತೋರಿಸುತ್ತಾಳೆ.