ಉಗ್ರಾಣದಲ್ಲಿ ಟೆಕ್ನೊ ವಿಕಾಸ

ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಎಂದರೇನು ಎಂಬ ಪ್ರಶ್ನೆಗೆ ಸಮಸ್ತ ಭೂಮಂಡಲದ ಪರವಾಗಿ ಅಂತಿಮ ಉತ್ತರ ಕೊಟ್ಟೇಬಿಡುತ್ತೇನೆಂದು ಕಳೆದ ಭಾನುವಾರ ಹಲ್ಲುಜ್ಜುತ್ತಲೇ ತೀರ್ಮಾನಿಸಿದೆ. ನನಗಿಂತ ಅರ್ಹರು ಯಾರಿದ್ದಾರೆ? ಗಡಿಯಾರ ರಿಪೇರಿ ನನ್ನ ವೃತ್ತಿ. ಇಪ್ಪತ್ತೈದು ವರ್ಷದಿಂದ ಟೆಕ್ನೊ ಕೇಳುವುದು ನನ್ನ ವ್ರತ!

ನಮ್ಮ ಬಡಾವಣೆಯ ಪುಟ್ಟ ರೇಡಿಯೊ ಕೇಂದ್ರದ ನಿರ್ದೇಶಕಿ ನನ್ನ ಕೈಗೊಂದು ರೆಕಾರ್ಡರ್ ಕೊಟ್ಟು, ಈ ಸಂಗೀತದ ಬಗ್ಗೆ ಅರ್ಧ ಗಂಟೆಯ ಚರ್ಚೆ ಬೇಕೆಂದಿದ್ದರು. ಚರ್ಚೆಗೆ ಎದುರಾಳಿ ಬೇಕಲ್ಲ? ಹೆಂಡತಿಯನ್ನು ಒಪ್ಪಿಸಿದೆ. ಅವಳು ಹೃದ್ರೋಗ ವಾರ್ಡಿನ ನರ್ಸ್. ವಾರಕ್ಕೆ ಸಿಗುವ ಒಂದೇ ರಜೆಯನ್ನು ನನಗೆ ಧಾರೆಯೆರೆದಳು, ಪಾಪ.

ಬೀದಿಯ ಸದ್ದು ಬರಬಾರದೆಂದು ಉಗ್ರಾಣವೇ ಸ್ಟುಡಿಯೊ ಆಯಿತು. ಗೋಡೆಗೆಲ್ಲ ಕಂಬಳಿ ಹೊದಿಸಿ, ಫೋನುಗಳನ್ನು ಅಡುಗೆಮನೆಯಲ್ಲಿಟ್ಟೆ. ಅಲ್ಲೇ ಬಟಾಣಿ ಬಿಡಿಸುತ್ತಿದ್ದ ಅತ್ತೆಯವರಿಗೆ, ಒಳಗಿಂದ ಎಂಥ ಬಡಿತ ಕೇಳಿದರೂ ಅದು ಟೆಕ್ನೊ, ಬಾಗಿಲು ಮಾತ್ರ ತೆಗೆಯಬೇಡಿ ಎಂದು ಅಪ್ಪಣೆ ಕೊಡಿಸಿ ಒಳಹೊಕ್ಕೆ.

ನನ್ನ ವ್ಯಾಖ್ಯೆ ಗಡಿಯಾರದ ಮುಳ್ಳಿನಷ್ಟು ನೇರ. ಯಂತ್ರದ ಬಡಿತ, ಒಂದೇ ಸಮ, ನಾಲ್ಕು ನಾಲ್ಕರ ಲೆಕ್ಕ. ಒಂದು ಕೂದಲೆಳೆ ಆಚೀಚೆ ಆದರೂ ಅದು ಟೆಕ್ನೊ ಅಲ್ಲ. ಮೂವತ್ತು ವರ್ಷದ ಹಿಂದೆಯೇ ಅದು ಪರಿಪೂರ್ಣವಾಗಿಹೋಗಿದೆ, ಇನ್ನು ಬೆಳೆಯಲು ಜಾಗವಿಲ್ಲ ಎಂದೆ. ಹಾಗಾದರೆ ತನ್ನ ವಾರ್ಡಿನಲ್ಲಿ ಎದೆಬಡಿತ ಎಣಿಸುವ ಮಾನಿಟರೂ ಟೆಕ್ನೊ ತಾನೇ ಎಂದಳು ಅವಳು. ಯಂತ್ರದ ಜೊತೆ ಮನುಷ್ಯರು ಆಟವಾಡಿದ್ದರಿಂದಲೇ ಅದು ಹುಟ್ಟಿದ್ದು, ಹೊಸ ಕೈಗಳು ಬರುತ್ತಿರುವವರೆಗೂ ಬದಲಾಗುತ್ತಲೇ ಇರುತ್ತದೆ ಎಂಬುದು ಅವಳ ವಾದ. ನನಗೆ ರೋಷ ಬಂತು. "ಟೆಕ್ನೊ ಅಂದ್ರೆ ಇಷ್ಟೇ!" ಎಂದು ಬಾಗಿಲಿಗೆ ನಾಲ್ಕು ಸಲ ಗುದ್ದಿದೆ. ನಾಲ್ಕನೆಯದಕ್ಕೆ ಹೊರಗಿನ ಚಿಲಕ ಟಣ್ಣೆಂದು ಬಿತ್ತು. ನಾನು ಬೀಗುವುದಕ್ಕೂ ಬಾಗಿಲಿಗೆ ಬೀಗ ಬೀಳುವುದಕ್ಕೂ ಸರಿಹೋಯಿತು.

ಬಡಿದೆ. ನನ್ನ ಶಿಸ್ತು ನೋಡಿ, ಗಾಬರಿಯಲ್ಲೂ ಒಂದೇ ಸಮ ಬಡಿದೆ. ಐದು ನಿಮಿಷವಾದರೂ ಅತ್ತೆಯವರ ಸುಳಿವಿಲ್ಲ. ಕೂಗಿದರೆ ಕೂಗನ್ನೆಲ್ಲ ಕಂಬಳಿಗಳೇ ನುಂಗಿದವು. ತಾಳದ ಜೊತೆಗೆ ನನ್ನ ತಾಳ್ಮೆಯೂ ತಪ್ಪುವ ಹೊತ್ತಿಗೆ ಹೆಂಡತಿ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು.

"ಒಂದೇ ಸಮ ಬಡಿದ್ರೆ ಎಲ್ಲ ಚೆನ್ನಾಗಿದೆ ಅಂತ ಅರ್ಥ. ಯಾರೂ ಬರಲ್ಲ. ತಪ್ಪಿದ್ರೆ ಮಾತ್ರ ಓಡಿ ಬರ್ತಾರೆ."

ಅಂಗೈಯಲ್ಲಿ ಎರಡು, ಗೆಣ್ಣಿನಲ್ಲಿ ಒಂದು, ಒಂದಿಷ್ಟು ಮೌನ, ಆಮೇಲೆ ಖಾಲಿ ಡಬ್ಬದ ಮೇಲೆ ದಡದಡ. ಅವಳು ಎಷ್ಟೋ ಹೃದಯಗಳಿಂದ ಕಲಿತ ತಪ್ಪು ಬಡಿತಗಳೆಲ್ಲ ಬಾಗಿಲಿನ ಮೇಲೆ ಕುಣಿದವು. ಹೊರಗಿನಿಂದ ಉತ್ತರವೂ ಬಂತು: ಬಟಾಣಿ ಪಾತ್ರೆಯ ಮೇಲೆ ಸೌಟಿನ ಟಿಣ್ ಟಿಣ್! ಅತ್ತೆಯವರು ಬಿಡಿಸಲು ಬಂದಿರಲಿಲ್ಲ, ಸಾಥ್ ಕೊಡಲು ಬಂದಿದ್ದರು. ತಾಯಿ ಮಗಳು ಬಾಗಿಲಿನ ಆಚೀಚೆ ಹತ್ತು ನಿಮಿಷ ಬಾರಿಸಿದರು. ಹೆಂಡತಿಗೆ ನಗು ತಡೆಯಲಾಗದೆ ಕೈ ಸೋತು ನಿಂತಾಗಲೇ, ಯಾಕೆ ನಿಲ್ಲಿಸಿಬಿಟ್ಟಿರಿ ಎಂದು ಕೇಳಲು ಅತ್ತೆಯವರು ಬಾಗಿಲು ತೆಗೆದರು.

ಅವಸರದಲ್ಲಿ ರೆಕಾರ್ಡರನ್ನು ಕೇಳಿಯೂ ನೋಡದೆ ಕೇಂದ್ರಕ್ಕೆ ಕೊಟ್ಟುಬಂದೆ. ಮರುದಿನ ನಿರ್ದೇಶಕಿ ಅಂಗಡಿಗೇ ಫೋನ್ ಮಾಡಿದರು. ಮಾತುಕತೆ ಸುಮಾರಾಗಿದೆಯಂತೆ, ಆದರೆ ಕೊನೆಯಲ್ಲಿ ನುಡಿಸಿ ತೋರಿಸಿದ್ದು ಅದ್ಭುತವಂತೆ. ಟೆಕ್ನೊ ಇನ್ನೂ ಬೆಳೆಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿಯೇ ಬೇಡವಂತೆ.

ನಾನು ಗಂಟಲು ಸರಿಮಾಡಿಕೊಂಡು, ನುಡಿಸಿದವರು ನಾವೇ ಎಂದೆ.

"ಮೊದಲ ಐದು ನಿಮಿಷ ಒಂದೇ ಸಮ ಬಡಿದವರು?"

"ನಾನೇ," ಎಂದೆ, ಎದೆಯುಬ್ಬಿಸಿ.

"ಅದನ್ನ ಕತ್ತರಿಸಿದ್ದೀನಿ. ಬಾಗಿಲು ರಿಪೇರಿ ಸದ್ದು ಅಂದ್ಕೊಂಡೆ. ನಿಮ್ಮ ಮನೆಯವರ ನಂಬರ್ ಕೊಡ್ತೀರಾ?"